ಗಟ್ಟಿ ಜೇಡಿಮಣ್ಣಿನಲ್ಲಿ ಬೇಲಿ ಕಂಬದ ಗುಂಡಿ: ಟ್ರ್ಯಾಕ್ಟರ್ ಬೈರಿಗೆ ಒಂದು ಗೇಣಿಗೇ ನಿಂತುಬಿಡುತ್ತಿದೆ

ಗಡಿಬೇಲಿ:
ಎಲ್ಲರಿಗೂ ನಮಸ್ಕಾರ. ಜಮೀನಿನ ಸುತ್ತ ತಂತಿ ಬೇಲಿ ಹಾಕಲು ಹೊರಟಿದ್ದೇನೆ. ಒಟ್ಟು 140 ಕಂಬ. 35 ಅಶ್ವಶಕ್ತಿಯ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ, ಪಿಟಿಒ ಶಾಫ್ಟಿನಿಂದ (ಎಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಒಯ್ಯುವ ತಿರುಗು ದಂಡ) ತಿರುಗುವ ಗುಂಡಿ ತೋಡುವ ಬೈರಿಗೆಯನ್ನು ತಂದಿದ್ದೇನೆ. ಸುರುಳಿಯ ಅಗಲ 9 ಇಂಚು.

ಮೇಲಿನ ಒಂದು ಗೇಣು ಮಣ್ಣು ಸರಾಗವಾಗಿ ಬಂತು. ಅದರ ಕೆಳಗೆ ಜೇಡಿ. ಅದಕ್ಕೆ ಮುಟ್ಟಿದ ಕೂಡಲೇ ಬೈರಿಗೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆಯೇ ಹೊರತು ಇಳಿಯುವುದಿಲ್ಲ. ಹತ್ತು ನಿಮಿಷ ಬಿಟ್ಟರೂ ಎರಡು ಬೆರಳಿನಷ್ಟು ಆಳವಾಗಲಿಲ್ಲ. ಮೇಲೆ ಬರುವುದು ಹಿಟ್ಟಿನಂಥ ಪುಡಿ. ಎಂಜಿನ್ ನಿಲ್ಲಿಸಿ ಗುಂಡಿಯೊಳಗೆ ಕೈ ಇಟ್ಟು ನೋಡಿದೆ. ಗೋಡೆ ಗಾಜಿನಷ್ಟು ನುಣುಪಾಗಿದೆ, ಮುಟ್ಟಿದರೆ ಬೆಚ್ಚಗಿದೆ. ವೇಗ ಹೆಚ್ಚಿಸಿ ಒಮ್ಮೆಲೇ ಕೆಳಗೆ ಬಿಟ್ಟರೆ ಶಿಯರ್ ಬೋಲ್ಟ್ ಮುರಿಯುತ್ತದೆ. ನಿನ್ನೆ ಮಧ್ಯಾಹ್ನದ ಹೊತ್ತಿಗೆ ಮೂರು ಬೋಲ್ಟ್ ಹೋದವು, ಒಂದು ಗುಂಡಿಯೂ ಪೂರ್ತಿಯಾಗಲಿಲ್ಲ.

ಸಾಲು ಕಂಬಗಳಿಗೆ ಎರಡೂವರೆ ಅಡಿ, ಮೂಲೆ ಕಂಬಗಳಿಗೆ ಮೂರೂವರೆ ಅಡಿ ಆಳ ಬೇಕು. ಇನ್ನೂ ದೊಡ್ಡ ಟ್ರ್ಯಾಕ್ಟರ್ ತರಬೇಕೇ? ಗಟ್ಟಿ ಉಕ್ಕಿನ ಬೋಲ್ಟ್ ಹಾಕಬೇಕೇ? ಅನುಭವ ಇರುವವರು ದಯವಿಟ್ಟು ಹೇಳಿ.

ಮೂರನೇಗೇರು:
ಬೋಲ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಾಳೆ ಬೆಳಿಗ್ಗೆಯೇ ನೀವು ಗಟ್ಟಿ ಬೋಲ್ಟ್ ಹಾಕಿಬಿಟ್ಟರೆ ಎಂಬ ಆತಂಕ ನನಗೆ. ಆ ಬೋಲ್ಟ್ ಇರುವುದೇ ಮುರಿಯುವುದಕ್ಕೆ. ಬೈರಿಗೆ ಕಲ್ಲಿಗೋ ಬೇರಿಗೋ ಸಿಕ್ಕಿ ನಿಂತಾಗ ಎಂಜಿನ್ನಿನ ಬಲ ಎಲ್ಲಿಗಾದರೂ ಹೋಗಲೇಬೇಕು. ಬೋಲ್ಟ್ ಮುರಿಯದಿದ್ದರೆ ಗೇರ್ ಬಾಕ್ಸಿನ ಹಲ್ಲು ಮುರಿಯುತ್ತದೆ, ಇಲ್ಲವೇ ಶಾಫ್ಟ್ ತಿರುಚಿಕೊಳ್ಳುತ್ತದೆ. ಯಂತ್ರದ ಕೈಪಿಡಿಯಲ್ಲಿ ಯಾವ ದರ್ಜೆಯ, ಯಾವ ದಪ್ಪದ ಬೋಲ್ಟ್ ಎಂದು ಬರೆದಿದೆಯೋ ಅದನ್ನೇ ಹಾಕಿ. ಹತ್ತು ಜಾಸ್ತಿ ತಂದಿಟ್ಟುಕೊಳ್ಳಿ.

ಇನ್ನು ಅಶ್ವಶಕ್ತಿ. 9 ಇಂಚಿನ ಬೈರಿಗೆಗೆ ನಿಮ್ಮ ಟ್ರ್ಯಾಕ್ಟರ್ ಧಾರಾಳವಾಗಿ ಸಾಕು. ಬಲ ಕಡಿಮೆಯಾಗಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು. ನಿಮ್ಮಲ್ಲಿ ಅದು ನಿರಾಯಾಸವಾಗಿ ತಿರುಗುತ್ತಿದೆ, ಅಂದರೆ ಹಲ್ಲುಗಳು ಮಣ್ಣನ್ನು ಕಚ್ಚುತ್ತಲೇ ಇಲ್ಲ. ಬಹುತೇಕ ಟ್ರ್ಯಾಕ್ಟರುಗಳ ಹಿಂದಿನ ಲಿಂಕೇಜ್, ಅಂದರೆ ಯಂತ್ರವನ್ನು ಹಿಡಿದಿರುವ ತೋಳುಗಳ ಜೋಡಣೆ, ಮೇಲಕ್ಕೆ ಎತ್ತುತ್ತದೆ, ಆದರೆ ಕೆಳಕ್ಕೆ ಒತ್ತುವುದಿಲ್ಲ. ಲಿವರ್ ಇಳಿಸಿದಾಗ ಬೈರಿಗೆಯ ಮೇಲೆ ಬೀಳುವುದು ಅದರದೇ ಭಾರ ಮಾತ್ರ. ಹೀಗಾಗಿ ಎರಡು ಪಟ್ಟು ದೊಡ್ಡ ಟ್ರ್ಯಾಕ್ಟರ್ ತಂದರೂ ಅದೇ ಭಾರ, ಅದೇ ಗಿರಗಿರ.

ವೇಗವನ್ನೂ ಇಳಿಸಿ. ಪಿಟಿಒ ನಿಮಿಷಕ್ಕೆ 540 ಸುತ್ತು ಅಂದರೆ, ಗೇರ್ ಬಾಕ್ಸ್ ಅದನ್ನು ಮೂರನೇ ಒಂದಕ್ಕೆ ಇಳಿಸಿದರೂ ಬೈರಿಗೆ ಸೆಕೆಂಡಿಗೆ ಮೂರು ಸುತ್ತು ತಿರುಗುತ್ತದೆ. ಒಣ ಜೇಡಿಗೆ ಅದು ತೀರಾ ಹೆಚ್ಚು. ಅದರ ಅರ್ಧ ವೇಗದಲ್ಲಿ ಹಲ್ಲಿಗೆ ಕಚ್ಚಲು ಅವಕಾಶ ಸಿಗುತ್ತದೆ.

ಬೆಸುಗೆಮನೆ:
ಮೇಲಿನ ಮಾತೆಲ್ಲ ಸರಿ. ಆದರೆ ಗಡಿಬೇಲಿ ಅವರು ಬರೆದ ಒಂದು ಪದದಲ್ಲೇ ಉತ್ತರ ಇದೆ: ಪುಡಿ.

ಕತ್ತರಿಸುವ ಹಲ್ಲು ಚಕ್ಕೆ ಕೊಡುತ್ತದೆ, ಉಜ್ಜುವ ಹಲ್ಲು ಪುಡಿ ಕೊಡುತ್ತದೆ. ಮರಕ್ಕೆ ಹಾಕುವ ಉಳಿಯೂ ಹಾಗೆಯೇ. ದಯವಿಟ್ಟು ಟ್ರ್ಯಾಕ್ಟರ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಬೈರಿಗೆಯ ಕೆಳತುದಿಯನ್ನು ಹತ್ತಿರದಿಂದ ನೋಡಿ. ನಡುವೆ ಒಂದು ಮೊನೆ ಇರುತ್ತದೆ, ಅದರ ಎರಡು ಬದಿಗೆ ಬೋಲ್ಟ್ ಹಾಕಿ ಕೂರಿಸಿದ ಹಲ್ಲುಗಳು. ಹಲ್ಲಿನ ಅಂಚು ಸುರುಳಿ ತಗಡಿನ ಅಂಚಿಗಿಂತ ಕೆಳಗೂ ಹೊರಗೂ ಚಾಚಿರಬೇಕು. ಸವೆದ ಬೈರಿಗೆಯಲ್ಲಿ ಹಲ್ಲು ಮೊಂಡಾಗಿ ತಗಡಿನ ಮಟ್ಟಕ್ಕೇ ಬಂದಿರುತ್ತದೆ. ಆಗ ನೆಲಕ್ಕೆ ತಾಗುವುದು ತಗಡಿನ ಅಡಿಭಾಗ. ತಗಡಿನ ಅಂಚಿನಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಪಟ್ಟಿ ಕಾಣಿಸಿದರೆ ಅನುಮಾನವೇ ಬೇಡ, ನಿಮ್ಮ ಬೈರಿಗೆ ಮಣ್ಣನ್ನು ಕೊರೆಯುತ್ತಿಲ್ಲ, ಪಾಲಿಶ್ ಮಾಡುತ್ತಿದೆ.

ಹೊಸ ಹಲ್ಲು, ಹೊಸ ಮೊನೆ ಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಬೇಕು, ಏಕೆಂದರೆ ಮೊನೆ ಮೋಟಾಗಿದ್ದರೆ ಎಷ್ಟು ಚೂಪಾದ ಹಲ್ಲೂ ಕೆಳಗಿಳಿಯುವುದಿಲ್ಲ. ಮೊನೆಯೇ ಮುಂದೆ ಹೋಗಿ ದಾರಿ ಮಾಡಬೇಕು. ಜೇಡಿಯಲ್ಲಿ ಕಲ್ಲು ಬೆರೆತಿದ್ದರೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಹಲ್ಲು ಒಳ್ಳೆಯದು. ಬರೀ ಜೇಡಿಗೆ ಅಗಲ ಬಾಯಿಯ ಸಾಮಾನ್ಯ ಹಲ್ಲೇ ಚೆನ್ನಾಗಿ ಕತ್ತರಿಸುತ್ತದೆ.

ಹಸಿಮಣ್ಣು:
ಹಲ್ಲು ಬದಲಿಸಿದ ಮೇಲೂ ಒಣಗಿದ ಜೇಡಿ ಸುಟ್ಟ ಇಟ್ಟಿಗೆಯಂತೆಯೇ ಇರುತ್ತದೆ. ನೀರು ಕೊಡಿ. ಎಲ್ಲ ಗುಂಡಿಗಳನ್ನೂ ಮೊದಲು ಒಂದು ಗೇಣು ತೋಡಿಕೊಳ್ಳಿ. 9 ಇಂಚು ಅಗಲ, ಒಂದು ಗೇಣು ಆಳದ ಗುಂಡಿ ಸುಮಾರು 9 ಲೀಟರ್ ನೀರು ಹಿಡಿಯುತ್ತದೆ. ಸಂಜೆ ತುಂಬಿಸಿ, ಮರುದಿನ ನೀರು ಇಂಗಿದ ಮೇಲೆ ಕೊರೆಯಿರಿ. ಜೇಡಿಯಲ್ಲಿ ನೀರು ಇಂಗುವುದು ಗಂಟೆಗೆ ಕೆಲವೇ ಮಿಲಿಮೀಟರ್, ಆದ್ದರಿಂದ ಅವಸರ ಮಾಡಬೇಡಿ. ಗೋಡೆ ಗಾಜಿನಂತಾಗಿದೆ ಎಂದಿರಲ್ಲ, ಆ ನುಣುಪು ನೀರನ್ನೂ ತಡೆಯುತ್ತದೆ. ನೀರು ಹಾಕುವ ಮುಂಚೆ ಹಾರೆಯಿಂದ ಗೋಡೆಯನ್ನೂ ತಳವನ್ನೂ ಗೀಚಿ ಒರಟು ಮಾಡಿ. ತಳದಲ್ಲಿ ನಾಲ್ಕೈದು ಕಡೆ ಹಾರೆ ಊರಿ ತೂತು ಮಾಡಿದರೆ ನೀರು ಇನ್ನೂ ಆಳಕ್ಕೆ ಹೋಗುತ್ತದೆ.

ಎರೆಹೊಲ:
ನೀರಿನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮದು ಅಪ್ಪಟ ಎರೆ. ನೀರು ಹೆಚ್ಚಾದರೆ ಒಣಗಿದ್ದಕ್ಕಿಂತ ದೊಡ್ಡ ತೊಂದರೆ. ಒದ್ದೆ ಎರೆ ಸುರುಳಿಗೆ ಅಂಟಿ ಕೂರುತ್ತದೆ. ಮೇಲೆತ್ತಿ ಎಷ್ಟು ತಿರುಗಿಸಿದರೂ ಬೀಳುವುದಿಲ್ಲ, ಪ್ರತಿ ಸಲ ಎಂಜಿನ್ ನಿಲ್ಲಿಸಿ ಸಲಿಕೆಯಿಂದ ಕೆರೆದು ತೆಗೆಯಬೇಕು. ಒಂದು ಗುಂಡಿಗೆ ಮುಕ್ಕಾಲು ಗಂಟೆ ಕಳೆದ ದಿನಗಳಿವೆ. ಮಳೆ ಬಂದು ಹೋದ ಮೇಲೆ ಕಾಯಬೇಕು. ಬಿತ್ತನೆಗೆ ಹದ ನೋಡುವ ಹಾಗೆ ಗುಂಡಿಗೂ ಹದ ನೋಡಬೇಕು.

ಹಸಿಮಣ್ಣು:
ಎರೆಹೊಲ ಅವರೇ, ನೀವು ಹೇಳುವ ಹದವನ್ನೇ ನಾನೂ ಹೇಳುತ್ತಿರುವುದು. ಮಳೆ ತಂದುಕೊಡುವ ಹದವನ್ನು ಬಕೆಟ್ಟಿನಿಂದ ತರಬೇಕು, ಅಷ್ಟೇ. ಎಷ್ಟು ಒದ್ದೆ ಸಾಕು ಎಂಬುದಕ್ಕೆ ಕಣ್ಣಂದಾಜು ಬೇಡ, ಕೈಯಲ್ಲೇ ಪರೀಕ್ಷೆ ಇದೆ.

ಗುಂಡಿಯ ತಳದಿಂದ ನಿಂಬೆಹಣ್ಣಿನಷ್ಟು ಮಣ್ಣು ತೆಗೆದು, ನೀರು ಬೆರೆಸದೆ ಹಿಸುಕಿ ಉಂಡೆ ಮಾಡಿ. ಉಂಡೆಯೇ ಕಟ್ಟದಿದ್ದರೆ ಇನ್ನೂ ನೀರು ಬೇಕು. ಉಂಡೆಯಾದರೆ ಅದರಲ್ಲಿ ಒಂದು ಚೂರನ್ನು ಹಲಗೆಯ ಮೇಲೆ ಅಂಗೈಯಿಂದ ಹೊಸೆದು ಬತ್ತಿ ಮಾಡಿ. ಬತ್ತಿ 3 ಮಿಲಿಮೀಟರಿಗಿಂತ ತೆಳ್ಳಗಾದರೂ ತುಂಡಾಗದೆ ಹಾವಿನಂತೆ ಉದ್ದವಾಗುತ್ತಾ ಹೋದರೆ ಒದ್ದೆ ಹೆಚ್ಚಾಗಿದೆ. ಆ ಮಣ್ಣು ಸುರುಳಿಗೆ ಅಂಟುವುದು ಖಂಡಿತ, ಒಂದು ದಿನ ಆರಲು ಬಿಡಿ. 3 ಮಿಲಿಮೀಟರಿನ ಆಸುಪಾಸಿನಲ್ಲಿ, ಇಲ್ಲವೇ ಅದಕ್ಕಿಂತ ಸ್ವಲ್ಪ ದಪ್ಪಗಿರುವಾಗಲೇ ಬಿರುಕುಬಿಟ್ಟು ತುಂಡಾದರೆ ಅದೇ ಹದ. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಜೇಡಿಮಣ್ಣಿನ ಈ ಮಿತಿಗಳನ್ನು ವಿವರಿಸಿದರು. ಇಂದಿಗೂ ಕಟ್ಟಡ, ರಸ್ತೆಗಳ ಮಣ್ಣು ಪರೀಕ್ಷೆಯಲ್ಲಿ ಇದೇ ಬತ್ತಿ ಹೊಸೆಯುತ್ತಾರೆ. ಬೇಲಿ ಗುಂಡಿಗೂ ಇದು ಅಷ್ಟೇ ನಿಖರವಾಗಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಮೂರು ವರ್ಷಗಳಿಂದ ನೋಡುತ್ತಿದ್ದೇನೆ.

ಎರೆಹೊಲ:
ಬತ್ತಿಯ ಪರೀಕ್ಷೆ ನನಗೆ ಗೊತ್ತಿರಲಿಲ್ಲ. ಈಗಲೇ ಹೊಲಕ್ಕೆ ಹೋಗಿ ಹೊಸೆದು ನೋಡಿದೆ. ನಾನು ಹದ ಎಂದುಕೊಂಡು ಕೊರೆಯುತ್ತಿದ್ದ ಮಣ್ಣು 2 ಮಿಲಿಮೀಟರಿಗೂ ತುಂಡಾಗಲಿಲ್ಲ. ಇನ್ನೂ ಎರಡು ದಿನ ಕಾಯಬೇಕಿತ್ತು.

ಗಡಿಬೇಲಿ:
ಎಲ್ಲರಿಗೂ ಧನ್ಯವಾದ. ಬೆಸುಗೆಮನೆ ಅವರು ಹೇಳಿದ ಹೊಳೆಯುವ ಪಟ್ಟಿ ಇದೆ! ಹಲ್ಲುಗಳು ಬೆರಳಿನ ಉಗುರಿನಷ್ಟೂ ಚಾಚಿಲ್ಲ. ಹೊಸದಕ್ಕೆ ಹೇಳಿದ್ದೇನೆ. ಇಪ್ಪತ್ತು ಗುಂಡಿಗೆ ನೀರು ತುಂಬಿಸಿದ್ದೂ ಆಯಿತು.

ಒಂದು ಪ್ರಶ್ನೆ. ಭಾರ ಸಾಲದಿದ್ದರೆ ಬೈರಿಗೆಯ ಮೇಲಿನ ತೋಳಿನ ಮೇಲೆ ಒಬ್ಬರನ್ನು ನಿಲ್ಲಿಸಿದರೆ ಚೆನ್ನಾಗಿ ಇಳಿಯುತ್ತದೆ ಎಂದು ಪಕ್ಕದ ಹೊಲದವರು ಹೇಳಿದರು. ಅವರು ಹಾಗೆಯೇ ಮಾಡುತ್ತಾರಂತೆ.

ಕಲ್ಲುಕಂಬ:
ಬೇಡ. ಯಾವ ಕಾರಣಕ್ಕೂ ಬೇಡ.

ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ, ಇದನ್ನು ನೋಡಿ ಬರೆಯಲೇಬೇಕಾಯಿತು. 540 ಸುತ್ತು ಅಂದರೆ ಸೆಕೆಂಡಿಗೆ 9 ಸುತ್ತು. ಅಂಗೈ ಅಗಲದ, ಅಂದರೆ ಏಳೂವರೆ ಸೆಂಟಿಮೀಟರ್ ದಪ್ಪದ ಶಾಫ್ಟ್ ಒಂದು ಸೆಕೆಂಡಿನಲ್ಲಿ ಎರಡು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ನಿಮ್ಮ ಅಂಗಿಯ ತೋಳು ಅರ್ಧ ಮೀಟರ್ ಇದ್ದೀತು. ‘ಅಯ್ಯೋ’ ಎನ್ನುವಷ್ಟರಲ್ಲಿ ಮುಗಿದಿರುತ್ತದೆ.

ನನ್ನ ಕಣ್ಣೆದುರಿಗೆ ನಡೆದದ್ದು ಹೇಳುತ್ತೇನೆ. ನಾನು ಟ್ರ್ಯಾಕ್ಟರ್ ಮೇಲಿದ್ದೆ, ತಮ್ಮ ಗುಂಡಿಯ ಪಕ್ಕದಲ್ಲಿ ಮಣ್ಣು ಸರಿಸುತ್ತಿದ್ದ. ಅವನ ಹೆಗಲ ಮೇಲೆ ಟವಲ್ ಇತ್ತು. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದನ್ನು ನಾವಿಬ್ಬರೂ ನೋಡಿದ್ದೆವು, ಈ ಕೆಲಸ ಮುಗಿಯಲಿ ಎಂದುಕೊಂಡಿದ್ದೆವು. ಅವನು ಬಗ್ಗಿದ. ಟವಲ್ ಇತ್ತು, ಇಲ್ಲವಾಯಿತು, ಮಧ್ಯೆ ಏನೂ ಕಾಣಿಸಲಿಲ್ಲ. ಶಾಫ್ಟಿನ ಮೇಲೆ ಒಂದು ಬಿಗಿಯಾದ ಗಂಟು ತಿರುಗುತ್ತಿತ್ತು. ಟವಲ್ ಕುತ್ತಿಗೆಗೆ ಸುತ್ತಿರಲಿಲ್ಲ, ಹೆಗಲ ಮೇಲೆ ಹಾಗೆಯೇ ಹಾಕಿಕೊಂಡಿದ್ದ ಎಂಬ ಒಂದೇ ಕಾರಣಕ್ಕೆ ತಮ್ಮ ಇಂದು ನನ್ನೊಡನೆ ಇದ್ದಾನೆ.

ಅಂಥ ಶಾಫ್ಟಿನ ಒಂದು ಮೊಳ ಮೇಲೆ ಮನುಷ್ಯನನ್ನು ನಿಲ್ಲಿಸುತ್ತಾರೆಯೇ? ಬೈರಿಗೆ ಕಲ್ಲಿಗೆ ತಾಗಿ ಜಿಗಿದರೆ ಅವನು ಬೀಳುವುದು ನೇರವಾಗಿ ಸುರುಳಿಯ ಮೇಲೆ. ಕವಚ ಸರಿಯಾಗಿರಬೇಕು. ತಿರುಗುತ್ತಿರುವಾಗ ಗುಂಡಿಯ ಹತ್ತಿರ ಯಾರೂ ಇರಕೂಡದು. ಸೀಟಿನಿಂದ ಇಳಿಯುವ ಮುಂಚೆ ಪಿಟಿಒ ಬಿಡಿಸಬೇಕು, ಎಂಜಿನ್ ನಿಲ್ಲಿಸಬೇಕು. ನೆಲದಡಿ ವಿದ್ಯುತ್ ಕೇಬಲ್ ಅಥವಾ ನೀರಿನ ಪೈಪ್ ಹೋಗಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಮೂರನೇಗೇರು:
ಕಲ್ಲುಕಂಬ ಅವರ ಮಾತಿಗೆ ನನ್ನ ಎರಡು ಕೈಯೆತ್ತಿದ ಬೆಂಬಲ. ಭಾರ ಬೇಕೇ ಬೇಕಾದರೆ, ಯಂತ್ರದ ತಯಾರಕರು ಅದಕ್ಕೆಂದೇ ಕೊಡುವ ತೂಕದ ತಟ್ಟೆಗಳನ್ನು ಬೋಲ್ಟ್ ಹಾಕಿ ಕೂರಿಸಬಹುದು. ಕೆಳಕ್ಕೆ ಒತ್ತುವ ಹೈಡ್ರಾಲಿಕ್ ಸಿಲಿಂಡರ್ ಜೋಡಿಸಿದ ಬೈರಿಗೆಗಳೂ ಇವೆ. ಆದರೆ ಹೊಸ ಹಲ್ಲು ಮತ್ತು ಹದ ಎರಡೂ ಸೇರಿದರೆ ನಿಮಗೆ ಅದರ ಅಗತ್ಯ ಬೀಳುವುದಿಲ್ಲ ಎಂಬುದು ನನ್ನ ನಂಬಿಕೆ.

ಹಾರೆಗುದ್ದಲಿ:
ಹೊಸ ಹಲ್ಲು ಹಾಕಿದ ಮೇಲೆ ಇದಕ್ಕೆ ತದ್ವಿರುದ್ಧವಾದ ತೊಂದರೆ ಬರಬಹುದು, ಈಗಲೇ ಎಚ್ಚರಿಸುತ್ತೇನೆ. ಹದವಾದ ಜೇಡಿಯಲ್ಲಿ ಚೂಪಾದ ಬೈರಿಗೆ ಮರದೊಳಗೆ ಸ್ಕ್ರೂ ಇಳಿದ ಹಾಗೆ ತಾನೇ ತಾನಾಗಿ ಇಳಿದುಬಿಡುತ್ತದೆ. ಸುರುಳಿಯ ಮೇಲೆಲ್ಲ ಮಣ್ಣು ಬಿಗಿದು, ಮೇಲೆತ್ತಲು ಹೋದರೆ ಬೈರಿಗೆ ಬರುವುದಿಲ್ಲ, ಟ್ರ್ಯಾಕ್ಟರಿನ ಮುಂಗಾಲಿಗಳೇ ನೆಲ ಬಿಡುತ್ತವೆ. ಹಾಗಾಗದಿರಲು ಅರ್ಧ ಅಡಿ ಇಳಿದ ಕೂಡಲೇ ಎತ್ತಿ, ಮಣ್ಣು ಉದುರಿಸಿ, ಮತ್ತೆ ಇಳಿಸಿ. ಎರಡೂವರೆ ಅಡಿಗೆ ಐದು ಸಲ. ನಿಧಾನ ಎನಿಸಿದರೂ ಒಟ್ಟಿನಲ್ಲಿ ಇದೇ ಬೇಗ.

ಸಿಕ್ಕಿಬಿದ್ದರೆ ಹೈಡ್ರಾಲಿಕ್ಕಿನಿಂದ ಎಳೆದಾಡಬೇಡಿ. ಎಂಜಿನ್ ನಿಲ್ಲಿಸಿ, ಪಿಟಿಒ ಶಾಫ್ಟನ್ನು ಟ್ರ್ಯಾಕ್ಟರಿನ ಕಡೆಯಿಂದ ಬಿಚ್ಚಿ, ಪೈಪ್ ರೆಂಚ್ ಹಾಕಿ ಶಾಫ್ಟನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ. ನಡುವೆ ಗೇರ್ ಬಾಕ್ಸ್ ಇರುವುದರಿಂದ ನಿಮ್ಮ ಕೈಬಲ ಮೂರು ಪಟ್ಟಾಗಿ ಬೈರಿಗೆಗೆ ತಲುಪುತ್ತದೆ. ನಾಲ್ಕೈದು ಸುತ್ತು ಹಿಂದಕ್ಕೆ ಬಂದರೆ ಬಿಗಿ ಸಡಿಲುತ್ತದೆ.

ಮೂಲೆ ಕಂಬಕ್ಕೆ 12 ಇಂಚಿನ ಬೈರಿಗೆ ಹಾಕುವ ಯೋಚನೆ ಇದ್ದರೆ ಒಂದು ಲೆಕ್ಕ ನೆನಪಿರಲಿ. ಅಗಲ ಎರಡು ಪಟ್ಟಾದರೆ ಮಣ್ಣು ನಾಲ್ಕು ಪಟ್ಟು. 6 ಇಂಚಿನದಕ್ಕಿಂತ 12 ಇಂಚಿನದು ನಾಲ್ಕರಷ್ಟು ಮಣ್ಣು ಕತ್ತರಿಸಬೇಕು. ಮೊದಲು ಸಣ್ಣದರಿಂದ ಕೊರೆದು, ಆಮೇಲೆ ದೊಡ್ಡದನ್ನು ಇಳಿಸುವುದು ಸುಲಭ. ಆದರೆ ಎರಡನೆಯ ಸಲ ನಡುವಿನ ಮೊನೆಗೆ ಕಚ್ಚಿಕೊಳ್ಳಲು ಮಣ್ಣಿರುವುದಿಲ್ಲ, ಬೈರಿಗೆ ಓಲಾಡುತ್ತದೆ. ಅದಕ್ಕೇ ತೀರಾ ನಿಧಾನವಾಗಿ.

ಗಡಿಬೇಲಿ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಹಲ್ಲು, ಹೊಸ ಮೊನೆ ಬಂದವು. ನೀರು ಕುಡಿದ ಗುಂಡಿಯ ಮಣ್ಣನ್ನು ಹೊಸೆದಾಗ ಬತ್ತಿ ಬೆಂಕಿಕಡ್ಡಿಗಿಂತ ತುಸು ದಪ್ಪಗಿರುವಾಗ ತುಂಡಾಯಿತು. ಎಂಜಿನ್ ವೇಗ ಇಳಿಸಿ ಬೈರಿಗೆ ಬಿಟ್ಟೆ. ಮೊದಲು ಒಂದು ಸಣ್ಣ ನಡುಕ, ಆಮೇಲೆ ಸದ್ದೇ ಬದಲಾಯಿತು. ಕೀರಲು ಹೋಗಿ ಹಲಗೆಗೆ ಕೀಸುಳಿ ಹಾಕಿದಂಥ ಸದ್ದು. ಹೆಬ್ಬೆರಳು ಗಾತ್ರದ ಚಕ್ಕೆಗಳು ಸುರುಳಿ ಹತ್ತಿ ಬಂದು ಬಾಯಿಯ ಸುತ್ತ ಬಿದ್ದವು. ಮೊದಲ ಗುಂಡಿಗೆ ಆರು ನಿಮಿಷ. ನನಗಾದ ಸಂತೋಷ ಹೇಳತೀರದು. ನಿನ್ನೆ ಸಂಜೆಗೆ 46 ಗುಂಡಿ ಆದವು, ಬೋಲ್ಟ್ ಮುರಿದದ್ದು ಒಂದೇ.

ಪಕ್ಕದ ಹೊಲದವರಿಗೆ ಕಲ್ಲುಕಂಬ ಅವರು ಬರೆದದ್ದನ್ನು ಓದಿ ಹೇಳಿದೆ. ಅವರು ಮಾತಾಡಲಿಲ್ಲ. ಮರುದಿನ ತಮ್ಮ ಶಾಫ್ಟಿಗೆ ಹೊಸ ಕವಚ ತಂದರು.

ಈಗಿನ ತೊಂದರೆ ಬೇರೆ. ಗುಂಡಿಗಳು ಸ್ವಲ್ಪ ಓರೆಯಾಗಿ ಇಳಿಯುತ್ತಿವೆ. ಬಾಯಿ ಗುರುತಿನ ಮೇಲೇ ಇರುತ್ತದೆ, ತಳ ಮಾತ್ರ ಟ್ರ್ಯಾಕ್ಟರಿನ ಕಡೆಗೋ ಹೊರಕ್ಕೋ ಸರಿದಿರುತ್ತದೆ.

ಮೂರನೇಗೇರು:
ಲಿಂಕೇಜಿನ ತೋಳು ಇಳಿಯುವುದು ನೇರವಾಗಿ ಅಲ್ಲ, ಬಾಗಿಲಿನ ಹಾಗೆ ಒಂದು ಕೀಲಿನ ಸುತ್ತ ಕಮಾನು ಹೊಡೆಯುತ್ತಾ. ಮೊನೆ ಮಣ್ಣಿನಲ್ಲಿ ಸಿಕ್ಕಿಕೊಂಡಿರುತ್ತದೆ, ಮೇಲ್ತುದಿ ಕಮಾನಿನ ಜೊತೆ ಚಲಿಸುತ್ತದೆ, ಬೈರಿಗೆ ವಾಲುತ್ತದೆ. ಒಂದು ಅಡಿ ಇಳಿದ ಮೇಲೆ ಬೈರಿಗೆಯನ್ನು ಗುಂಡಿಯಿಂದ ಪೂರ್ತಿ ಎತ್ತಿ, ಟ್ರ್ಯಾಕ್ಟರನ್ನು ಒಂದೆರಡು ಇಂಚು ಹಿಂದೆ ಅಥವಾ ಮುಂದೆ ಸರಿಸಿ ಮತ್ತೆ ಇಳಿಸಿ. ಎಷ್ಟು ಸರಿಸಬೇಕು ಎಂಬುದು ಹತ್ತು ಗುಂಡಿಯಲ್ಲಿ ಕೈಗೆ ಹತ್ತುತ್ತದೆ. ಮಣ್ಣಿನೊಳಗೆ ಇರುವಾಗ ಮಾತ್ರ ಟ್ರ್ಯಾಕ್ಟರ್ ಸರಿಸಬೇಡಿ.

ಗಡಿಬೇಲಿ:
ತಿಳಿಯಿತು. ಇನ್ನು ಕಂಬ ನಿಲ್ಲಿಸುವಾಗ ತಳಕ್ಕೆ ಜಲ್ಲಿ ಹಾಕಬೇಕೇ, ಕಾಂಕ್ರೀಟ್ ಹಾಕಬೇಕೇ?

ಎರೆಹೊಲ:
ಜೇಡಿಯಲ್ಲಿ ತೋಡಿದ ಗುಂಡಿ ಒಂದು ಕೊಡ ಇದ್ದ ಹಾಗೆ. ಜಲ್ಲಿ ಹಾಕಿದರೆ ನೀರು ಜಲ್ಲಿಗೆ ಇಳಿಯುತ್ತದೆ, ಅಲ್ಲಿಂದ ಹೋಗಲು ದಾರಿ ಇಲ್ಲ. ಮರದ ಕಂಬವಾದರೆ ಬುಡ ಸದಾ ನೀರಿನಲ್ಲಿ ನೆನೆಯುತ್ತದೆ. ಮರಳು ಮಣ್ಣಿಗೆ ಒಪ್ಪುವ ಮಾತು ಜೇಡಿಗೆ ಒಪ್ಪುವುದಿಲ್ಲ.

ಸಾಲು ಕಂಬಕ್ಕೆ ನಾನು ತೆಗೆದ ಮಣ್ಣನ್ನೇ ತುಂಬುತ್ತೇನೆ. ಹೆಂಟೆಗಳನ್ನು ಚೆನ್ನಾಗಿ ಪುಡಿಮಾಡಿ, ಹದವಾಗಿರುವಾಗಲೇ ಅರ್ಧ ಅಡಿಗಿಂತ ಹೆಚ್ಚು ಒಮ್ಮೆಗೆ ಹಾಕದೆ, ಹಾರೆಯ ಮೊಂಡು ತುದಿಯಿಂದ ಸುತ್ತಲೂ ಗುದ್ದುತ್ತೇನೆ. ತಳದ ಮೊದಲ ಪದರವನ್ನು ಚೆನ್ನಾಗಿ ಗುದ್ದಿದರೆ ಕಂಬ ಅರ್ಧ ನಿಂತಂತೆಯೇ. ಹಾರೆ ಚಿಮ್ಮಿ ಠಣ್ ಎಂದರೆ ಮುಂದಿನ ಪದರ. ಸರಿಯಾಗಿ ಗುದ್ದಿದರೆ ಕಂಬವೂ ಜಾಗ ತೆಗೆದುಕೊಂಡ ಮೇಲೆ ಮಿಗುವ ಮಣ್ಣು ಬಹಳ ಕಡಿಮೆ. ದೊಡ್ಡ ಗುಡ್ಡೆಯೇ ಉಳಿದರೆ ಕೆಳಗೆಲ್ಲೋ ಪೊಳ್ಳು ಬಿಟ್ಟಿದ್ದೀರಿ ಎಂದು ತಿಳಿಯಿರಿ.

ಕಲ್ಲುಕಂಬ:
ಮೂಲೆ ಕಂಬಕ್ಕೆ, ಗೇಟಿನ ಕಂಬಕ್ಕೆ ಕಾಂಕ್ರೀಟ್ ಇರಲಿ, ತಂತಿಯ ಎಳೆತ ಪೂರ್ತಿ ಅಲ್ಲೇ ಬೀಳುತ್ತದೆ. ಸುರಿಯುವ ಮುಂಚೆ ಹಾರೆಯಿಂದ ಗೋಡೆ ಗೀಚಿ, ನುಣುಪಿಗೆ ಕಾಂಕ್ರೀಟ್ ಹಿಡಿಯುವುದಿಲ್ಲ. ಬಾಯಿಯ ಹತ್ತಿರ ಅಣಬೆಯ ಹಾಗೆ ಹರಡಲು ಬಿಡಬೇಡಿ. ನೀರು ಕುಡಿದ ಜೇಡಿ ಉಬ್ಬಿದಾಗ ಆ ಅಂಚನ್ನು ಹಿಡಿದು ಕಂಬವನ್ನೇ ಮೇಲೆತ್ತುತ್ತದೆ. ಅಗಲ ಬೇಕಾದದ್ದು ತಳದಲ್ಲಿ. ಹಾರೆಯಿಂದ ತಳವನ್ನು ಸುತ್ತಲೂ ಎರಡು ಇಂಚು ಕೊರೆದು ಗಂಟೆಯ ಆಕಾರ ಮಾಡಿದರೆ ಕಂಬ ಜಗ್ಗುವುದಿಲ್ಲ.

ಮತ್ತು ತೆರೆದ ಗುಂಡಿಗಳನ್ನು ರಾತ್ರಿ ಹಾಗೆಯೇ ಬಿಡಬೇಡಿ. ಎರಡೂವರೆ ಅಡಿ ಆಳಕ್ಕೆ ಕರುವಿನ ಕಾಲು ಸಿಕ್ಕರೆ ಮುರಿಯುತ್ತದೆ. ಮಕ್ಕಳು ಓಡಾಡುವ ಜಾಗವಾದರಂತೂ ಹೇಳಬೇಕಾಗಿಲ್ಲ.

ಗಡಿಬೇಲಿ:
ಹಲಗೆ ತುಂಡುಗಳನ್ನು ಮುಚ್ಚಿ, ಮೇಲೆ ಕಲ್ಲು ಇಟ್ಟು ಬಂದೆ. ಇವತ್ತಿಗೆ 112 ಗುಂಡಿ. ಕೆರೆಯ ಕಡೆಯ ಸಾಲಿನಲ್ಲಿ ಮಣ್ಣು ಮೊದಲೇ ಒದ್ದೆ ಇದೆ, ಬತ್ತಿ ತುಂಡಾಗುತ್ತಲೇ ಇಲ್ಲ. ಅಲ್ಲಿನ 28 ಗುಂಡಿಗಳನ್ನು ಮಣ್ಣು ಆರುವವರೆಗೆ ಬಿಟ್ಟು, ಅಷ್ಟರಲ್ಲಿ ಈ ಕಡೆಯ ಕಂಬಗಳನ್ನು ನಿಲ್ಲಿಸಲು ಶುರು ಮಾಡುತ್ತೇನೆ.